ಮಾಗಡಿ ಕೆರೆಯ ಹಂಸಗಳು

ಮಾಗಡಿ ಎಂದೊಡನೆ ವಾಚಕರಲ್ಲಿ ಬಹುಮಂದಿಗೆ ಬೆಂಗಳೂರಿನ ಬಳಿಯ ಕೆಂಪೇಗೌಡರ ಮಾಗಡಿಯೇ ನೆನಪಾಗುವುದು. ನಾವು ಹೇಳಹೊರಟಿರುವುದು ಅದನ್ನಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಒಂದು ಗ್ರಾಮವನ್ನು. ಗದಗಿನಿಂದ ಅಲ್ಲಿಗೆ ಸುಮಾರು ೨೬ ಕಿಲೋಮೀಟರು. ಹಳೆಯ ಲೆಕ್ಕದಲ್ಲಿ ಐದು ಹರದಾರಿಗೆ ತುಸು ಹೆಚ್ಚು. ಈಗ ಊರಿಗಿಂತಲೂ ಊರ ಕೆರೆಗೇ ಹೆಸರು ಅಧಿಕವಾಗಿದೆ. ಮಳೆಯ ನೀರನ್ನು ತಡೆದು ಬೇಸಾಯಕ್ಕೆ ಒದಗಿಸಬೇಕೆಂದು ಮನುಷ್ಯರು ಕಟ್ಟಿದ ಕೆರೆಯಿದು. ವಿಸ್ತಾರವು ೫೦ ಹೆಕ್ಟೇರಿನ ಸಮೀಪ, ಎಂದರೆ ೧೨೦ ಎಕರೆಯ ಮೇಲೆ. ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ ೧೯೭೧ರಲ್ಲಿ ಆದ ಒಡಂಬಡಿಕೆಯಂತೆ ಜಗತ್ತಿನ ಮುಖ್ಯ ಜಲಭೂಮಿಗಳ ಪಟ್ಟಿಯೊಂದುಂಟು. ೨೦೨೪ನೆಯ ಜನವರಿಯಲ್ಲಿ ಈ ಚಿಕ್ಕ ಕೆರೆಯ ಹೆಸರು ಆ ಪಟ್ಟಿಯಲ್ಲಿ ಸೇರಿತೆಂದು ಪ್ರಕಟವಾಯಿತು.

ಇಲ್ಲಿಗೆ ಚಳಿಗಾಲದಲ್ಲಿ ಬರುವ ಮುಖ್ಯ ಅತಿಥಿಯು ಪಟ್ಟೆತಲೆಯ ಹೆಬ್ಬಾತು. ಬೂದಿಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ವಿಭೂತಿಯ ಗೆರೆಗಳಂತೆ, ಆದರೆ ಕಪ್ಪಾಗಿ, ಎರಡು ಅಡ್ಡಪಟ್ಟೆಗಳು. ಕೊಕ್ಕೂ ಕಾಲೂ ಕಿತ್ತಳೆ ಹಳದಿ. ನಮ್ಮ ಪೂರ್ವಕವಿಗಳ ಹಂಸವು ಇದೇ ಕುಲದ್ದೆಂದು ನಮ್ಮ ದೃಢವಾದ ಅಭಿಪ್ರಾಯ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಹಂಸವೆಂದರೆ ನೀಳಗೊರಳಿನ, ಅಚ್ಚಬಿಳುಪಿನ ಯುರೋಪಿನ ಸ್ವಾನ್ ಪಕ್ಷಿಯನ್ನೇ ಬರೆಯುವುದುಂಟು. ಆ ಪಕ್ಷಿಯಾದರೋ ಭಾರತಕ್ಕೆ ಬರುವುದೇ ಅತ್ಯಪೂರ್ವ, ಅದೂ ಉತ್ತರದ ಸೀಮೆಗೆ. ಶಬ್ದಶಾಸ್ತ್ರವೂ ನಮ್ಮ ಪಕ್ಷಕ್ಕೇ ಸಾಕ್ಷಿ ಹೇಳುವುದು: ಸಂಸ್ಕೃತದ ಹಂಸ, ಲ್ಯಾಟಿನಿನ ಆನ್ಸರ್, ಜರ್ಮನಿನ ಗಾನ್ಸ್, ಇಂಗ್ಲಿಷಿನ ಗೂಸ್, ಇವೆಲ್ಲವೂ ಒಂದೇ ಬೇರಿನ ಚಿಗುರುಗಳು. ಈ ಹಕ್ಕಿಗೆ ಪ್ರಾಣಿಶಾಸ್ತ್ರಜ್ಞರು ಕೊಟ್ಟಿರುವ ಹೆಸರೂ ಆನ್ಸರ್ ಇಂಡಿಕಸ್ ಎಂದೇ. ಹಂಸಗಳು ಮಾನಸಸರೋವರಕ್ಕೆ ಹೋಗುವುದನ್ನೂ, ಕ್ರೌಂಚಪರ್ವತದ ಕಂಡಿಯೇ ಅವುಗಳ ಬಾಗಿಲೆಂಬುದನ್ನೂ ಕಾಳಿದಾಸನು ಮೇಘದೂತದಲ್ಲಿ ಹೇಳಿರುವನು. ಹೆಬ್ಬಾತುಗಳು ಮರಿಮಾಡುವುದು ಟಿಬೆಟ್, ಲಡಾಖ್, ಮಂಗೋಲಿಯಾಗಳ ಎತ್ತರದ ಸರೋವರಗಳ ಬಳಿಯಲ್ಲಿ. ಅಲ್ಲಿಂದ ಇಲ್ಲಿಗೆ ಹಿಮಾಲಯವನ್ನು ದಾಟಿಯೇ ಬರಬೇಕು. ಕವಿಯು ಅವುಗಳ ಪ್ರಯಾಣವನ್ನು ಮಳೆಗಾಲದ ಆರಂಭಕ್ಕೆ ಹೇಳಿದ್ದಾನೆ. ಮಾಗಡಿಯ ಹಕ್ಕಿಗಳು ಮಾರ್ಚಿಯ ಹೊತ್ತಿಗೇ ಹೊರಡುತ್ತವೆ. ಇಷ್ಟಕ್ಕಾಗಿ ಕಾಳಿದಾಸನನ್ನು ಲೆಕ್ಕ ಕೇಳಲು ನಮಗೆ ಮನಸ್ಸಿಲ್ಲ.

ಈ ಹಕ್ಕಿಗಳ ಮೈಗೆ ಸಣ್ಣ ಯಂತ್ರಗಳನ್ನು ಕಟ್ಟಿ ಪರೀಕ್ಷಿಸಿದ ವಿದ್ವಾಂಸರಿಗೆ, ಅವು ೭೦೦೦ ಮೀಟರಿಗೂ ಮೇಲೆ ಹಾರಿದುದು ತಿಳಿದುಬಂದಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ನಿಗೆ ವಿರಳವಾದ ಗಾಳಿಯಿಂದಲೂ ಆಮ್ಲಜನಕವನ್ನು ಹಿಡಿದುಕೊಳ್ಳುವ ಶಕ್ತಿ ಹೆಚ್ಚು. ಗಾಳಿಯು ತಣ್ಣಗಾಗಿ ದಟ್ಟವಾಗಿರುವ ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಪರ್ವತವನ್ನೇರುವುದು ಅವುಗಳ ಜಾಣತನ.

ಕೆರೆಯನ್ನು ನಿಂತು ನೋಡಿದರೆ ಒಂದೇ ನೀರಿನಂತೆ ಕಾಣುವುದಾದರೂ, ಹಕ್ಕಿಗಳ ಪಾಲಿಗೆ ಅದು ಹಲವು ಕೇರಿಗಳುಳ್ಳ ಊರು. ನಡುನೀರಿನಲ್ಲಿ ಮುಳುಗು ಹಾಕುವ ಬಾತುಗಳು, ಕೊರಳಷ್ಟನ್ನೇ ಹಾವಿನಂತೆ ಮೇಲೆತ್ತುವ ಹಾವಕ್ಕಿ. ಮೊಣಕಾಲುದ್ದದ ನೀರಿನಲ್ಲಿ ಬಣ್ಣದ ಕೊಕ್ಕರೆ. ಅಂಚಿನ ಕೆಸರಿನಲ್ಲಿ ಕೆಂಬರಲು. ಒಟ್ಟು ೧೬೬ ಬಗೆಯ ಹಕ್ಕಿಗಳು ಇಲ್ಲಿ ಕಂಡುಬಂದಿವೆ. ಅವುಗಳಲ್ಲಿ ೧೩೦ ವಲಸೆಯವು. ಚಳಿಗಾಲದಲ್ಲಿ ಸೇರುವ ಹಕ್ಕಿಗಳು ಸುಮಾರು ೮೦೦೦. ಇಂಥ ಕೆರೆಗಳ ಅಂಚನ್ನು ಕಡಿದಾಗಿ ಅಗೆದು ಕಲ್ಲು ಕಟ್ಟಿದರೆ ಸೊಗಸಾಗುವುದೆಂದು ಹೇಳುವವರಿದ್ದಾರೆ. ಹಾಗೆ ಮಾಡಿದಲ್ಲಿ ಕೆಸರಿನ ಕೇರಿಯ ಒಕ್ಕಲು ಎಲ್ಲಿಗೆ ಹೋಗಬೇಕು?

ಹೆಬ್ಬಾತುಗಳಾದರೋ ಹಗಲೆಲ್ಲ ನೀರಿನಲ್ಲಿ ವಿಶ್ರಮಿಸಿ, ಸಂಜೆಯಾಗುತ್ತಲೇ ಸಾಲುಗಟ್ಟಿ, ಮೂಗಿನ ಸ್ವರದಿಂದ ಕೂಗುತ್ತ, ಸುತ್ತಲ ಎರೆಹೊಲಗಳಿಗೆ ಮೇವಿಗಾಗಿ ಹೋಗುವುವು. ಇಲ್ಲಿಯೇ ತೊಡಕಿರುವುದು. ಕಡಲೆಯ ಎಳೆಚಿಗುರು, ಹೊಲದಲ್ಲಿ ಉಳಿದ ಶೇಂಗಾ, ಯಾವುದನ್ನೂ ಅವು ಬಿಡುವುದಿಲ್ಲ. ಹಂಸವು ಹಾಲನ್ನು ಕುಡಿದು ನೀರನ್ನು ಬಿಡುವುದೆಂಬ ಮಾತನ್ನು ಇಲ್ಲಿಯ ಒಕ್ಕಲಿಗರಿಗೆ ಹೇಳಿ ಪ್ರಯೋಜನವಿಲ್ಲ. ಏರಿಯ ಮೇಲೆ ನಮ್ಮೊಡನೆ ಕುಳಿತಿದ್ದ ವೃದ್ಧ ರೈತರೊಬ್ಬರನ್ನು, ಈ ಹಕ್ಕಿಗಳು ಬಾರದಿದ್ದರೆ ನಿಮಗೆ ಒಳ್ಳೆಯದಲ್ಲವೆ, ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಂದ್ರ ಹೊಲಾ ಕಾಯೂದು ತಪ್ಪಂಗಿಲ್ರಿ, ಮಾಸ್ತರ. ಬರ್ಲಿಲ್ಲಂದ್ರ ಕೆರಿಯಾಗ ನೀರಿಲ್ಲಂತ ಅರ್ಥ. ನೀರಿಲ್ಲದ ಹೊಲಾ ಕಾಯೂದು ಇದಕ್ಕಿಂತ ಕಷ್ಟರಿ” ಎಂದರು. ನಮಗೆ ಉತ್ತರ ತೋರಲಿಲ್ಲ. ಮಳೆಯೊಂದನ್ನೇ ನಂಬಿದ ಕೆರೆಯಾದುದರಿಂದ, ಮಳೆ ತಪ್ಪಿದ ವರ್ಷ ಹಕ್ಕಿಗಳೂ ಬೇರೆ ನೀರನ್ನು ಹುಡುಕಿಕೊಂಡು ಹೋಗುವುವು. ಹೊಲದ ನಷ್ಟವನ್ನು ಒಕ್ಕಲಿಗರೇ ಹೊರಬೇಕೆಂಬುದು ಮಾತ್ರ ನ್ಯಾಯವಾಗಿ ನಮಗೆ ತೋರುವುದಿಲ್ಲ. ಪಟ್ಟಿಯು ಜಗತ್ತಿನದಾದರೂ ಕಡಲೆಯು ಅವರದು.

ನೋಡಬೇಕೆಂಬವರು ಡಿಸೆಂಬರು ಜನವರಿಗಳಲ್ಲಿ ಹೋಗಬೇಕು. ಬೆಳಗಿನ ಜಾವದಲ್ಲಿಯೇ ಏರಿಯನ್ನು ಸೇರಿದರೆ ಹೊಲಗಳಿಂದ ಹಿಂದಿರುಗುವ ಸಾಲುಗಳು ನೆತ್ತಿಯ ಮೇಲೆಯೇ ಹಾದುಬರುವುವು. ಮಕ್ಕಳನ್ನು ಅವಶ್ಯವಾಗಿ ಕರೆದೊಯ್ಯಬಹುದು. ಕೆಂಪು ಹಳದಿಯ ಉಡುಪು ಬೇಡ, ಕೂಗಾಟವೂ ಬೇಡ. ಬುತ್ತಿಯನ್ನು ಕಟ್ಟಿಕೊಂಡು ಹೋಗುವುದು ಮೇಲು.