ದೊಡ್ಡತ್ತೆಯ ದುಡಿಮೆ

ಕೂಡುಕುಟುಂಬಗಳಿದ್ದ ಕಾಲದಲ್ಲಿ ಬಹಳಷ್ಟು ಮನೆಗಳಲ್ಲಿ ಸೋದರತ್ತೆಯೊಬ್ಬರು ಇರುತ್ತಿದ್ದರು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಮನೆಯ ಭಾರವೆಲ್ಲ ಅವರ ಹೆಗಲ ಮೇಲೆ. ಆದರೆ ಮನೆಯ ಪತ್ರಗಳಲ್ಲಿ ಅವರ ಹೆಸರಿಲ್ಲ. ಅವರು ಕಣ್ಮುಚ್ಚಿದ ದಿನ ನಾಲ್ಕು ಜನ ಸೇರಿ ‘ತ್ಯಾಗಮಯಿ’ ಎಂದು ಹೇಳಿದರೆ ಅಲ್ಲಿಗೆ ಋಣ ತೀರಿತು. ನನ್ನ ತಂದೆಯವರ ಅಕ್ಕ, ನಾವೆಲ್ಲ ದೊಡ್ಡತ್ತೆ ಎಂದು ಕರೆಯುತ್ತಿದ್ದವರು, ಅಂಥವರಲ್ಲಿ ಒಬ್ಬರು. ಆ ಒಂದು ಮಾತಿನಿಂದ ಅವರ ಬದುಕನ್ನು ಅಳೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ದೊಡ್ಡತ್ತೆ ಹುಟ್ಟಿದ್ದು 1924ರಲ್ಲಿ. ಓದಿದ್ದು ನಾಲ್ಕನೆಯ ತರಗತಿಯವರೆಗೆ. ಹದಿನೈದಕ್ಕೆ ಮದುವೆ, ಹತ್ತೊಂಬತ್ತಕ್ಕೆ ವೈಧವ್ಯ. ಒಂದು ಟ್ರಂಕು ಹಿಡಿದು ತವರಿಗೆ ಬಂದರು. ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಮಹಿಳೆಯರ ಹಕ್ಕುಗಳ ಬಗ್ಗೆ ಒಂದು ಕಾನೂನು ಬಂದಿತ್ತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ವಿಧವೆಗೂ ಪಾಲುಂಟೆಂಬ ಮಾತು ಅದರಲ್ಲಿತ್ತು. ಬ್ರಿಟಿಷ್ ಇಂಡಿಯಾಕ್ಕಿಂತ ಮೊದಲೇ ಹೆಜ್ಜೆಯಿಟ್ಟ ಕಾನೂನು ಅದು. ಆದರೆ ಕಾನೂನು ಬೆಂಗಳೂರಿನಲ್ಲಿತ್ತು, ದೊಡ್ಡತ್ತೆ ಅಡುಗೆಮನೆಯಲ್ಲಿದ್ದರು. ಅವರ ಪರವಾಗಿ ಕೇಳಿದವರಿಲ್ಲ. ಕೇಳಬಹುದೆಂದು ಅವರಿಗೆ ಹೇಳಿದವರೂ ಇಲ್ಲ.

ನಮ್ಮ ತಂದೆಯವರು ಗೋಕುಲಂನಲ್ಲಿ ಮನೆ ಮಾಡಿದಾಗ ನಾನು ಇನ್ನೂ ಕೂಸು. ಇಂದು ಯೋಗ ಕಲಿಯಲು ದೇಶವಿದೇಶಗಳಿಂದ ಬರುವವರಿಂದಾಗಿ ಗೋಕುಲಂ ಹೆಸರು ಜಗತ್ತಿಗೆಲ್ಲ ಪರಿಚಿತ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರದಿಂದ ಇಲ್ಲಿಗೆ ಬಂದ ಮೇಲಿನ ಕಥೆ ಅದು. ಅರವತ್ತರ ದಶಕದಲ್ಲಿ ಇದು ಒಂಟಿಕೊಪ್ಪಲಿನ ಆಚೆಗಿನ ಹೊಸ ಬಡಾವಣೆ. ಅಲ್ಲೊಂದು ಇಲ್ಲೊಂದು ಮನೆ, ನಡುವೆ ಬಯಲು, ಸಂಜೆಯಾದರೆ ನರಿಯ ಕೂಗು. ಬಡಾವಣೆಗೆ ಹತ್ತಿರದಲ್ಲೇ ಕೃಷ್ಣರಾಜಸಾಗರದ ರಸ್ತೆಯಲ್ಲಿ ಕ್ಷಯರೋಗದ ಆಸ್ಪತ್ರೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಆ ದುಃಖದ ನೆನಪಿಗೆ 1921ರಲ್ಲಿ ಆರಂಭವಾದದ್ದು ಈ ಆರೋಗ್ಯಧಾಮ. ಅರಮನೆಯ ಬಾಗಿಲನ್ನೂ ದಾಟಿ ಬಂದ ಕಾಯಿಲೆ ಬಡವರ ಮನೆಯನ್ನು ಬಿಟ್ಟೀತೆ?

ದೊಡ್ಡತ್ತೆಯ ದಿನ ನಸುಕಿನ ನಾಲ್ಕೂವರೆಗೆ ಆರಂಭ. ಹಂಡೆಯ ಒಲೆಗೆ ಉರಿ ಹಾಕಿ, ಬಾಗಿಲು ಸಾರಿಸಿ, ರಂಗೋಲಿ ಎಳೆಯುವ ಹೊತ್ತಿಗೆ ಹಾಲಿನವನು ಬರುತ್ತಿದ್ದ. ಒಂಬತ್ತು ಜನರ ಅಡುಗೆ, ಒರಳಿನಲ್ಲಿ ರುಬ್ಬುವುದು, ಬೀಸುವ ಕಲ್ಲಿನಲ್ಲಿ ರಾಗಿ ಬೀಸುವುದು, ಬಟ್ಟೆ ಒಗೆಯುವುದು ಎಲ್ಲವೂ ನನ್ನ ತಾಯಿಯವರ ಜೊತೆಯಲ್ಲಿ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅವರ ಎರಡನೆಯ ಪಾಳಿ ಶುರುವಾಗುತ್ತಿತ್ತು. ಹಪ್ಪಳ, ಸಂಡಿಗೆ, ಹುಳಿಪುಡಿ, ಚಟ್ನಿಪುಡಿ. ಒಂಟಿಕೊಪ್ಪಲು, ಯಾದವಗಿರಿ, ಜಯಲಕ್ಷ್ಮೀಪುರಂಗಳ ಪರಿಚಯದ ಮನೆಗಳಿಗೆ ನಡೆದೇ ಹೋಗಿ ಕೊಟ್ಟು ಬರುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರಾದ ಕೈ ಒಬ್ಬರದು, ಮೊಸರಾದ ಬಾಯಿಗಳು ಹಲವು.

1966ರಲ್ಲಿ ನಮ್ಮ ಚಿಕ್ಕಪ್ಪನಿಗೆ ಕ್ಷಯ ತಗುಲಿತು. ಆಗ ಅವರಿಗೆ ಇಪ್ಪತ್ತನಾಲ್ಕು. ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸುವ ಕೆಲಸ. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದರು. ದಿನವೂ ಎರಡು ಹೊತ್ತು ಟಿಫನ್ ಕ್ಯಾರಿಯರ್ ಹಿಡಿದು ನಡೆದವರು ದೊಡ್ಡತ್ತೆ. ಉಳಿದ ಬಂಧುಗಳು ಗೇಟಿನ ಹೊರಗಿನಿಂದಲೇ ಕ್ಷೇಮ ವಿಚಾರಿಸಿ ಹಿಂದಿರುಗುತ್ತಿದ್ದರು. ಅವರನ್ನು ಹಳಿಯಲಾರೆ. ಕ್ಷಯವೆಂದರೆ ಹೆಣ್ಣು ಕೊಡದ, ಬಾಡಿಗೆಗೆ ಮನೆ ಕೊಡದ ಕಾಲ ಅದು.

ಮನೆಗೆ ಕಳುಹಿಸಬಹುದೆಂದು ವೈದ್ಯರು ಹೇಳಿದಾಗ ನಮ್ಮಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಊರಾಚೆ ಒಂದು ಕೋಣೆ ನೋಡೋಣವೆಂದು ಹಿರಿಯರ ಅಭಿಪ್ರಾಯ. ತಂದೆಯವರು, “ಅಕ್ಕಾ, ಮನೇಲಿ ಸಣ್ಣ ಮಕ್ಕಳಿದ್ದಾರೆ” ಎಂದರು. ದೊಡ್ಡತ್ತೆ ಅಳಲಿಲ್ಲ, ಬೇಡಿಕೊಳ್ಳಲಿಲ್ಲ.

“ಮಕ್ಕಳಿದ್ದಾರೆ ಅಂತಲೇ ಹೇಳ್ತಿದೀನಿ ಕಣೋ. ಒಬ್ಬನೇ ಎಲ್ಲೋ ಇದ್ದರೆ ನಾಲ್ಕು ದಿನಕ್ಕೆ ಮಾತ್ರೆ ಬಿಡ್ತಾನೆ. ಕಾಯಿಲೆ ಮತ್ತೆ ಏಳುತ್ತೆ, ಆಮೇಲೆ ಇಲ್ಲಿಗೇ ಬಂದು ಬೀಳ್ತಾನೆ. ನನ್ನ ಕಣ್ಣೆದುರಿಗೇ ಇರಲಿ. ನುಂಗಿಸೋ ಕೆಲಸ ನನ್ನದು.”

ಹಿಂಬದಿಯ ಕೋಣೆ ಚಿಕ್ಕಪ್ಪನದಾಯಿತು. ಕಿಟಕಿ ಹಗಲಿರುಳೂ ತೆರೆದಿರಬೇಕು. ತಟ್ಟೆ ಲೋಟಗಳು ಬೇರೆ; ಅವನ್ನು ಬೇರೆ ಪಾತ್ರೆಯಲ್ಲಿಟ್ಟು ಕುದಿಸಬೇಕು. ಕಫದ ಬಟ್ಟಲಿಗೆ ಫಿನಾಯಿಲು, ಅದಕ್ಕೊಂದು ಮುಚ್ಚಳ. ಆಸ್ಪತ್ರೆಯ ದಾದಿಯರನ್ನು ಕೇಳಿ ಕೇಳಿ ಕಲಿತ ಪಾಠಗಳಿವು. ಆ ದಿನಗಳ ಚಿಕಿತ್ಸೆ ಒಂದೂವರೆ ವರ್ಷದಷ್ಟು ದೀರ್ಘ. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಐ.ಎನ್.ಎಚ್. ಮಾತ್ರೆ, ಅದರ ಜೊತೆಗೆ ಪಿ.ಎ.ಎಸ್. ಎಂಬ, ಹೊಟ್ಟೆ ತೊಳಸಿ ವಾಂತಿ ಬರಿಸುವ ಔಷಧಿ. ಚಿಕ್ಕಪ್ಪ ಎಷ್ಟೋ ಸಲ “ಸತ್ತರೂ ಸರಿ, ಇದು ಬೇಡಕ್ಕಾ” ಎಂದು ಮುಖ ತಿರುಗಿಸಿದ್ದುಂಟು. ದೊಡ್ಡತ್ತೆ ಮೊದಲು ಗಂಜಿ ಕುಡಿಸುವರು, ಆಮೇಲೆ ಔಷಧಿ. ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ. ಗೆರೆ ಎಳೆಯದ ಹೊರತು ಅವರು ಊಟಕ್ಕೆ ಕೂರುತ್ತಿರಲಿಲ್ಲ. ಚಿಕ್ಕಪ್ಪ ಗುಣವಾದರು. ಮನೆಯ ಮಕ್ಕಳಲ್ಲಿ ಒಬ್ಬರಿಗೂ ಕಾಯಿಲೆ ತಟ್ಟಲಿಲ್ಲ. ಮುಂದಿನ ಯುಗಾದಿಗೆ ಗೋಡೆಗೆ ಸುಣ್ಣ ಬಳಿದರು, ಗೆರೆಗಳೂ ಹೋದವು.

ಬಹಳ ವರ್ಷಗಳ ನಂತರ, ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವಾಗ, ಕ್ಷಯದ ಬಗ್ಗೆ ಓದಿದೆ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿ, ಕೆಲವರಿಗೆ ಮನೆಯಲ್ಲೇ ಔಷಧಿ ಕೊಟ್ಟು ನೋಡಿದರು. ಮನೆಯ ಚಿಕಿತ್ಸೆಯೂ ಬಹುಮಟ್ಟಿಗೆ ಅಷ್ಟೇ ಫಲ ಕೊಟ್ಟಿತು. ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಕಾಣಲಿಲ್ಲ. ಮುಖ್ಯವಾದದ್ದು ಔಷಧಿಯನ್ನು ಬಿಡದೆ ನುಂಗುವುದು. ತೊಂಬತ್ತರ ದಶಕದಲ್ಲಿ ಈ ತತ್ತ್ವವೇ ‘ಡಾಟ್ಸ್’ ಎಂಬ ಹೆಸರಿನಿಂದ ರಾಷ್ಟ್ರೀಯ ಕಾರ್ಯಕ್ರಮವಾಯಿತು: ರೋಗಿ ಮಾತ್ರೆ ನುಂಗುವುದನ್ನು ಇನ್ನೊಬ್ಬರು ಎದುರಿಗೆ ನಿಂತು ನೋಡಬೇಕು, ಗುರುತು ಹಾಕಬೇಕು. ನಾಲ್ಕನೆಯ ತರಗತಿ ಓದಿದ ನಮ್ಮ ದೊಡ್ಡತ್ತೆಗೆ ಆ ಅಧ್ಯಯನದ ಗಂಧವೂ ಇರಲಿಲ್ಲ. ತಮ್ಮನ ಸ್ವಭಾವವನ್ನು ಬಲ್ಲವರಾದ್ದರಿಂದ ಅದೇ ತೀರ್ಮಾನಕ್ಕೆ ಬಂದಿದ್ದರು.

ಆದ್ದರಿಂದಲೇ ತ್ಯಾಗವೆಂಬ ಮಾತು ನನಗೆ ಸಾಲದು. ತ್ಯಾಗವೆಂದರೆ ಬಿಟ್ಟುಕೊಡುವುದು. ದೊಡ್ಡತ್ತೆ ಬಿಟ್ಟುಕೊಟ್ಟದ್ದಕ್ಕಿಂತ ಮಾಡಿದ್ದೇ ಹೆಚ್ಚು. ಅದರಲ್ಲಿ ಬುದ್ಧಿಯಿತ್ತು, ಶಿಸ್ತಿತ್ತು, ಮನೆಯ ಹಿರಿಯರೆಲ್ಲ ಒಂದು ಕಡೆಯಾದರೂ ತಾವು ಸರಿಯೆಂದು ನಿಲ್ಲುವ ಗಟ್ಟಿತನವಿತ್ತು. ತ್ಯಾಗಕ್ಕೆ ಪುಣ್ಯ ಸಂದರೆ ಸಾಕು, ಲೆಕ್ಕ ಬೇಕಿಲ್ಲ. ದುಡಿಮೆಗಾದರೆ ಲೆಕ್ಕ ಕೊಡಬೇಕಾಗುತ್ತದೆ.

ಲೆಕ್ಕವಾದರೂ ಎಲ್ಲಿದೆ? ನಮ್ಮ ಜನಗಣತಿ ಮನೆಗೆಲಸದಲ್ಲಿ ತೊಡಗಿದವರನ್ನು ‘ದುಡಿಯದವರು’ ಎಂಬ ಪಟ್ಟಿಗೆ ಸೇರಿಸುತ್ತ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಾರೆಂದು ಹೇಳಿತು. ಅಂದರೆ ದಿನವೂ ಸುಮಾರು ಐದು ಗಂಟೆ. ದೊಡ್ಡತ್ತೆಯದು ಅದರ ಎರಡರಷ್ಟಾದರೂ ಇದ್ದೀತು. ಐವತ್ತು ವರ್ಷ, ರಜೆಯಿಲ್ಲದೆ.

1983ರಲ್ಲಿ ನಾನು ಬಿ.ಎಡ್. ಸೇರುವಾಗ ತಂದೆಯವರ ಕೈ ಬರಿದಾಗಿತ್ತು. ದೊಡ್ಡತ್ತೆ ಅಕ್ಕಿ ಡಬ್ಬದೊಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಮುಂದಿಟ್ಟರು. ಹಪ್ಪಳದ ದುಡ್ಡು. ಎಣಿಸಿದರೆ ಶುಲ್ಕ ಕಟ್ಟಿ, ಪುಸ್ತಕಕ್ಕೂ ಮಿಗುವಷ್ಟು. “ಮೇಷ್ಟ್ರಾಗು ಮಗು. ಸಂಬಳ ಬರೋ ಕೆಲಸ, ಪಿಂಚಣೀನೂ ಉಂಟಂತೆ” ಎಂದರು. ಆ ಮಾತಿನಲ್ಲಿ ಕಹಿಯಿರಲಿಲ್ಲ. ಪಿಂಚಣಿ ಪಡೆಯುವ ಈ ವಯಸ್ಸಿನಲ್ಲಿ ಅದರ ತೂಕ ನನಗೆ ಹೆಚ್ಚು ತಿಳಿಯುತ್ತದೆ.

ದೊಡ್ಡತ್ತೆ 1998ರಲ್ಲಿ ತೀರಿಕೊಂಡರು. ಚಿಕ್ಕಪ್ಪ ಅವರ ನಂತರವೂ ಹದಿನಾಲ್ಕು ವರ್ಷ ಬದುಕಿ, ಮೊಮ್ಮಕ್ಕಳನ್ನು ಆಡಿಸಿದರು. ದೊಡ್ಡತ್ತೆಯ ಹೆಸರಿರುವ ಒಂದೇ ಒಂದು ಕಾಗದ ನಮ್ಮಲ್ಲಿದೆ: ಹಳೆಯ ಪಡಿತರ ಚೀಟಿ. ಕುಟುಂಬದ ಸದಸ್ಯರ ಪಟ್ಟಿಯಲ್ಲಿ ಅವರದು ಕೊನೆಯ ಸಾಲು.

ನಿಮ್ಮ ಮನೆತನದಲ್ಲಿಯೂ ಇಂಥ ಅತ್ತೆಯೋ ದೊಡ್ಡಮ್ಮನೋ ಇದ್ದಿರಬಹುದು. ಅವರನ್ನು ಕಂಡವರು ಇನ್ನೂ ಇರುವಾಗಲೇ ಕೇಳಿ ಬರೆದಿಡಿ. ಹೊಗಳಿಕೆ ಬೇಡ, ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದರು, ಯಾರನ್ನು ಉಳಿಸಿದರು, ಯಾರನ್ನು ಓದಿಸಿದರು, ಅಷ್ಟನ್ನು ಬರೆದರೆ ಸಾಕು.