ಜಾಂಡೀಸ್ ಎಂದು ಹೇಳಿದ್ದೆ

ಮಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

2019ರಲ್ಲಿ ಓಣಂ ರಜೆಗೆಂದು ಮನೆಗೆ ಬಂದವನು ಕಾಲೇಜಿಗೆ ಮರಳಿ ಹೋಗಲಿಲ್ಲ. ರಾತ್ರಿಯಿಡೀ ಎಚ್ಚರ, ಹಗಲು ಹಾಸಿಗೆ. ಇಷ್ಟದ ಬಂಗುಡೆ ಸಾರನ್ನೂ ಮುಟ್ಟುತ್ತಿರಲಿಲ್ಲ. ಫುಟ್ಬಾಲ್ ಎಂದರೆ ಊಟ ಬಿಟ್ಟು ಓಡುತ್ತಿದ್ದ ಹುಡುಗನಿಗೆ ಸ್ನಾನಕ್ಕೆ ಏಳುವುದೂ ಭಾರವಾಗಿತ್ತು. "ಸೋಮಾರಿತನ, ಮೊಬೈಲಿನ ಹುಚ್ಚು" ಎಂದು ದಿನಾ ಬೈದವಳು ನಾನೇ. ರಾತ್ರಿ ಜಪಸರದ ಪ್ರಾರ್ಥನೆಗೆ ಬಾರದಿದ್ದಾಗಲಂತೂ ಇನ್ನೂ ಜೋರಾಗಿ ಬೈದೆ.

ನರ್ಸ್ ಆಗಿರುವ ನನ್ನ ತಂಗಿ ಬಂದವಳು ನೋಡಿ, "ಎರಡು ವಾರ ದಾಟಿಯೂ ಹೀಗಿದ್ದರೆ ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸು" ಎಂದಳು. ಕಾಸರಗೋಡಿನಲ್ಲೇ ತೋರಿಸಬಹುದಿತ್ತು. ಆದರೆ ಪರಿಚಯದವರು ನೋಡಿಯಾರು ಎಂದು ತಲಪಾಡಿ ದಾಟಿ ಮಂಗಳೂರಿಗೆ ಕರೆದೊಯ್ದೆ. ಅಕ್ಕಪಕ್ಕದವರು ಕೇಳಿದಾಗ ಜಾಂಡೀಸ್ ಎಂದೆ.

ಡಾಕ್ಟರು ಅವನನ್ನು ನೇರವಾಗಿ, "ಬದುಕುವುದು ಬೇಡ ಅನ್ನಿಸುತ್ತದೆಯೇ?" ಎಂದು ಕೇಳಿದರು. ಇಂಥ ಮಾತು ಕೇಳಬಹುದೇ ಎಂದು ನನಗೆ ಸಿಟ್ಟೇ ಬಂತು. ಮಗ, "ಹೌದು" ಎಂದ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಕೇಳಿದರೆ ಮನಸ್ಸು ಹಗುರಾಗಬಹುದು ಎಂದು ಆಮೇಲೆ ಅವರು ನನಗೆ ತಿಳಿಸಿದರು. ಅವನನ್ನು ಒಂಟಿಯಾಗಿ ಬಿಡಬೇಡಿ ಎಂದೂ ಹೇಳಿದರು. ಮಾತ್ರೆಯ ಗುಣ ಕಾಣಲು ಕೆಲವು ವಾರಗಳೇ ಬೇಕು, ನಡುವೆ ನಿಲ್ಲಿಸಬಾರದು. ನಾನೋ, ಎಂಟೇ ದಿನಕ್ಕೆ, ಏನೂ ಪ್ರಯೋಜನವಿಲ್ಲ ಎಂದು ನಿಲ್ಲಿಸಲು ಹೊರಟಿದ್ದೆ. ತಂಗಿ ಫೋನಿನಲ್ಲೇ ಗದರಿದಳು. ಈಗಿನ ಮಕ್ಕಳಿಗಾದರೂ ಹಗಲಿರುಳು ಉಚಿತವಾಗಿ ಮಾತನಾಡಲು ಟೆಲಿ ಮಾನಸ್ ಎಂಬ 14416 ನಂಬರಿದೆ. ಅದು ಆರಂಭವಾದದ್ದು 2022ರಲ್ಲಿ.

ಇತ್ತ ನೆರೆಮನೆಯ ಬಾಯಿ, ಪಾಪ, ಜಾಂಡೀಸಿಗೆ ಒಳ್ಳೆಯದೆಂದು ದಿನಾ ಬೆಳಿಗ್ಗೆ ನೆಲನೆಲ್ಲಿ ಕಿತ್ತು, ಅರೆದು ತರುತ್ತಿದ್ದರು. ನಾನು ಅದನ್ನು ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದೆ. ಒಂದು ದಿನ ಮಗ ನೋಡಿಬಿಟ್ಟ. "ಅಮ್ಮಾ, ಅವರಿಗೆ ನಿಜ ಹೇಳಿ. ನಾನೇನು ಕಳ್ಳತನ ಮಾಡಿದ್ದೇನೆಯೇ?" ಎಂದ. ಅವನು ಅಷ್ಟು ಉದ್ದಕ್ಕೆ ಮಾತನಾಡಿ ತಿಂಗಳಾಗಿತ್ತು.

ಮರುದಿನ ಹೇಳಿದೆ. ಬಾಯಿ ಲೋಟ ಕೆಳಗಿಟ್ಟು ಜಗಲಿಯಲ್ಲಿ ಕುಳಿತರು. ಅವರ ತಮ್ಮ ಚಿಕ್ಕ ಪ್ರಾಯದಲ್ಲೇ ತೀರಿಹೋದನೆಂದು ನನಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ.

"ನಾವು ಹೊಟ್ಟೆನೋವು ಎಂದು ಹೇಳುತ್ತಿದ್ದೆವು" ಎಂದರು.