ರಹದಾರಿಗಾಗಿ ಮೂರು ಊರು

ಗುಜರಾತಿನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಈಚೆಗೆ ಒಂದು ಸಂಭ್ರಮವೂ ಅದರ ಬೆನ್ನಿಗೇ ಒಂದು ದಿಗಿಲೂ ಸಾಮಾನ್ಯವಾಗಿವೆ. ಮಗಳೋ ಮೊಮ್ಮಗಳೋ ಪರದೇಶದಲ್ಲಿ ಬಸುರಿಯಾಗಿರುತ್ತಾಳೆ. ಬಾಣಂತನಕ್ಕೆ ಮನೆಯ ಹಿರಿಯಳು ಹೊರಡಬೇಕು. ಹುಬ್ಬಳ್ಳಿಯಿಂದ ಅಹಮದಾಬಾದಿಗೆ, ಅಹಮದಾಬಾದಿನಿಂದ ಹುಬ್ಬಳ್ಳಿಗೆ, ಇಷ್ಟೇ ಪ್ರಯಾಣದಲ್ಲಿ ಆಯುಷ್ಯ ಕಳೆದ ಆಕೆಗೆ ಈಗ ಪಾಸ್‌ಪೋರ್ಟು ಬೇಕು. ನಮ್ಮ ಹಿರಿಯರು ರಹದಾರಿ ಎನ್ನುತ್ತಿದ್ದ ವಸ್ತು ಅದು. ವಿಮಾನಕ್ಕೆ ಆಕೆ ಹೆದರುವುದಿಲ್ಲ. ಹೆದರಿಕೆಯೆಲ್ಲ ಆ ಕಚೇರಿಯ ಕಿಟಕಿಯದು. "ಅವರು ಏನಾರ ಕೇಳಿದರ ನಾ ಏನ ಹೇಳಲಿ?" ಎಂಬುದೇ ಹದಿನೈದು ದಿನ ಮೊದಲಿನಿಂದ ಮನೆಯಲ್ಲಿ ಮಾತು.

ಈ ದಿಗಿಲು ನಮ್ಮ ದೇಶಕ್ಕೇ ಮೀಸಲಲ್ಲ. ಬ್ರಿಟನ್ನಿನಲ್ಲಿ 2007ರಲ್ಲಿ, ಮೊದಲ ಸಲ ಪಾಸ್‌ಪೋರ್ಟು ಕೇಳುವ ವಯಸ್ಕರನ್ನು ಎದುರಿಗೆ ಕೂರಿಸಿ ಅವರ ಬಾಳಿನ ವಿವರಗಳನ್ನೇ ಪ್ರಶ್ನಿಸುವ ಪದ್ಧತಿ ಬಂತು. ನಮ್ಮಲ್ಲಿ ಅದಕ್ಕೆ ಸಂದರ್ಶನವೆಂಬ ದೊಡ್ಡ ಹೆಸರಿಲ್ಲ; ಆದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಎಂದು ಮೂರು ಕಟ್ಟೆಗಳನ್ನು ಹತ್ತಿ ಇಳಿಯಬೇಕು. ಮೊದಲನೆಯದರಲ್ಲಿ ಭಾವಚಿತ್ರ, ಬೆರಳಚ್ಚು. ಎರಡನೆಯದರಲ್ಲಿ ಕಾಗದಗಳ ತಪಾಸಣೆ. ಮೂರನೆಯದರಲ್ಲಿ ಕೊಡಬಹುದೋ ಬಾರದೋ ಎಂಬ ತೀರ್ಮಾನ. ಆಮೇಲೆ ಪೊಲೀಸರ ವಿಚಾರಣೆ.

ನಮ್ಮ ವೈನಿಯವರ ರಹದಾರಿಗಾಗಿ ನಾವು ಅಹಮದಾಬಾದು, ಸೂರತ್ತು, ವಡೋದರಾ ಮೂರನ್ನೂ ಸುತ್ತಿದೆವು. ಮನೆ ಅಹಮದಾಬಾದಿನಲ್ಲಿ, ನಮ್ಮ ಅಣ್ಣನವರು ನೌಕರಿ ಮಾಡಿದ್ದು ಸೂರತ್ತಿನಲ್ಲಾದ್ದರಿಂದ ಹಳೆಯ ಕಾಗದಗಳೆಲ್ಲ ಅಲ್ಲಿ, ಬೇಗನೆ ದಿನ ಸಿಕ್ಕಿದ್ದು ವಡೋದರೆಯಲ್ಲಿ.

ಅಹಮದಾಬಾದಿನಲ್ಲಿ ಅರ್ಜಿ ತುಂಬಲು ಕುಳಿತಾಗಲೇ ತೊಡಕು ಶುರುವಾಯಿತು. ಹೆಸರೇನು? ವೈನಿಯವರಿಗೆ ತವರಿನ ಹೆಸರು ಒಂದು. ಶಾಲೆಯ ದಾಖಲೆಯಲ್ಲಿ ಇರುವುದು ಅದೇ. ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆದಿಟ್ಟ ಹೆಸರು ಇನ್ನೊಂದು. ಆಧಾರ್ ಚೀಟಿಯಲ್ಲಿ ಅದು. ಗುಜರಾತಿಗೆ ಬಂದ ಮೇಲೆ ಪಡಿತರ ಚೀಟಿಯವರು ಮರ್ಯಾದೆಗೆಂದು ಅದಕ್ಕೆ 'ಬೆನ್' ಸೇರಿಸಿದರು. ನಮ್ಮ 'ಅಮ್ಮ', ಇವರ 'ಬೆನ್', ಎರಡೂ ಗೌರವದ ಮಾತುಗಳೇ. ಆದರೆ ಕಿಟಕಿಯ ಆಚೆ ಕುಳಿತವರಿಗೆ ಒಂದೊಂದು ಗೌರವವೂ ಒಬ್ಬೊಬ್ಬ ಬೇರೆ ಹೆಂಗಸಾಗಿ ಕಾಣುತ್ತದೆ. ಹಳೇ ಮೈಸೂರಿನ ಕಡೆಯವರ ಪಾಡು ಬೇರೆ. ಊರಿಗೊಂದು, ತಂದೆಗೊಂದು ಇನಿಷಿಯಲ್ ಇಟ್ಟುಕೊಂಡು ಸುಖವಾಗಿದ್ದವರು, ಆ ಅಕ್ಷರಗಳನ್ನು ಬಿಡಿಸಿ ಪೂರ್ತಿ ಬರೆಯಿರಿ, ಮನೆತನದ ಹೆಸರು ಯಾವುದು ಹೇಳಿರಿ ಎಂದರೆ ತಬ್ಬಿಬ್ಬಾಗುತ್ತಾರೆ. ಆ ಅಂಕಣ ಖಾಲಿ ಬಿಟ್ಟರೂ ಪಾಸ್‌ಪೋರ್ಟು ಸಿಗಬಹುದು. ಆದರೆ 2022ರಲ್ಲಿ ಅರಬ್ ಎಮಿರೇಟ್ಸ್ ದೇಶದವರು ಒಂಟಿ ಹೆಸರಿನ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲವೆಂದು ಸಾರಿದಾಗ ಅಂಥವರು ಎಷ್ಟು ಕಳವಳಪಟ್ಟರೆಂಬುದು ನೆನಪಿರಬಹುದು.

ಹೆಸರಿನ ನಂತರ ಹುಟ್ಟಿದ ಸ್ಥಳ. ವೈನಿಯವರು ಹುಟ್ಟಿದಾಗ ಅವರ ಹಳ್ಳಿ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಆಗ ಅಹಮದಾಬಾದೂ ಅದೇ ಮುಂಬಯಿ ರಾಜ್ಯ! 1956ರಲ್ಲಿ ಹಳ್ಳಿ ಮೈಸೂರು ರಾಜ್ಯಕ್ಕೆ ಸೇರಿತು. 1960ರಲ್ಲಿ ಗುಜರಾತು ಬೇರೆಯಾಯಿತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಳ್ಳಿ ಹಾವೇರಿಯ ಪಾಲಾಯಿತು. ಹಳ್ಳಿ ಇದ್ದಲ್ಲೇ ಇದೆ, ಅದರ ಕೆರೆ ಇದ್ದಲ್ಲೇ ಇದೆ. ಕಾಗದದಲ್ಲಿ ಮಾತ್ರ ಅದು ಮೂರು ಸಲ ವಲಸೆ ಹೋಗಿದೆ.

ಅಹಮದಾಬಾದೇನೂ ಬೆರಳಚ್ಚಿನ ಮಾತಿಗೆ ಹೊಸ ಊರಲ್ಲ. 1915ರಲ್ಲಿ ಇಲ್ಲಿಯ ಕೊಚರಬಿನಲ್ಲಿ ಆಶ್ರಮ ಕಟ್ಟಿದ ಗಾಂಧೀಜಿಯವರು, ಅದಕ್ಕೆ ಏಳು ವರ್ಷ ಮೊದಲು, 1908ರ ಆಗಸ್ಟ್ 16ರಂದು, ಜೋಹಾನ್ಸ್‌ಬರ್ಗಿನಲ್ಲಿ ಭಾರತೀಯರ ನೋಂದಣಿ ಪತ್ರಗಳನ್ನು ರಾಶಿ ಹಾಕಿ ಸುಡಿಸಿದ್ದರು. ಅಲ್ಲಿ ಕಾಗದವು ಮನುಷ್ಯನನ್ನು ಕಟ್ಟಿಹಾಕಲು ಹುಟ್ಟಿತ್ತು. ಇಲ್ಲಿ ಬಾಗಿಲು ತೆರೆಯಲು. ಈ ವ್ಯತ್ಯಾಸವನ್ನು ವೈನಿಯವರಿಗೆ ಹೇಳಿದ ಮೇಲೆ ಬೆರಳೊತ್ತುವ ಸಂಕೋಚ ಅವರಿಗೆ ತುಸು ಕಡಿಮೆಯಾಯಿತು.

ಸೂರತ್ತಿನಲ್ಲಿ ಕಾಗದ ಹುಡುಕಿದ ದಿನ ನಾವು ಮುಗಲೀಸರಾ ನೋಡಿದೆವು. 1644ರಲ್ಲಿ, ಶಾಹಜಹಾನನ ಕಾಲದಲ್ಲಿ, ಕಟ್ಟಿದ ಧರ್ಮಶಾಲೆ ಅದು. ಮಕ್ಕೆಗೆ ಹೋಗುವ ಯಾತ್ರಿಕರು ಹಡಗಿಗಾಗಿ ಕಾಯುತ್ತಾ ಇಳಿದುಕೊಳ್ಳುತ್ತಿದ್ದ ಜಾಗ. ಈಗ ಅಲ್ಲಿ ನಗರಪಾಲಿಕೆಯ ಕಚೇರಿ. ದಡಕ್ಕಿಳಿದ ಪ್ರಯಾಣಿಕರನ್ನು ಇಲ್ಲಿಯ ಸುಂಕದ ಕಟ್ಟೆಯವರು ಎಷ್ಟು ಬಿಗಿಯಾಗಿ ಶೋಧಿಸುತ್ತಿದ್ದರೆಂಬುದನ್ನು 1666ರಲ್ಲಿ ಬಂದ ಫ್ರೆಂಚ್ ಪ್ರವಾಸಿ ಥೆವೆನೋ ಬರೆದಿಟ್ಟಿದ್ದಾನೆ. "ಹಂಗಾದರ ಹೆದರಿದವರು ನಾ ಒಬ್ಬಾಕಿನ ಅಲ್ಲ," ಎಂದರು ವೈನಿ.

ವಡೋದರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಸರದಿ ಬಂತು. ವಯಸ್ಸಾದವರೆಂದು ಜೊತೆಗೆ ನನ್ನನ್ನೂ ಒಳಗೆ ಬಿಟ್ಟರು. ಅಧಿಕಾರಿ ಸೌಮ್ಯರು. "ಮಾಸಿ," ಎಂದು ಕರೆದು ಹಿಂದಿಯಲ್ಲಿ ಊರು, ಕೇರಿ ಕೇಳಿದರು. ವೈನಿ ಸರಾಗವಾಗಿ ಹೇಳಿದರು. ಎರಡು ಹೆಸರು ಯಾಕೆಂದು ಕೇಳಿದರು. ಅಕ್ಕಿಯ ತಟ್ಟೆಯ ಕತೆ ಹೇಳಿದರು. "ಯಜಮಾನರ ಹೆಸರು?" ಎಂದರು. ವೈನಿ ಬಾಯಿ ಕಟ್ಟಿದಂತೆ ನಿಂತುಬಿಟ್ಟರು.

ಐವತ್ತು ವರ್ಷದ ಸಂಸಾರದಲ್ಲಿ ಆಕೆ ಆ ಹೆಸರನ್ನು ಬರಿದೇ ಉಚ್ಚರಿಸಿದವರಲ್ಲ. ಮದುವೆ-ಮುಂಜಿವೆಗಳಲ್ಲಿ ಒಡಪು ಹಾಕಿ ಹೇಳಿದ್ದುಂಟು, ಅಷ್ಟೇ. ಅಣ್ಣ ತೀರಿಕೊಂಡ ಮೇಲೆ ಒಡಪೂ ನಿಂತಿತ್ತು. ಕಣ್ಣೆದುರಿಗೇ ಕಾಗದದಲ್ಲಿ ಹೆಸರು ಇತ್ತು. ಆದರೂ ಅಧಿಕಾರಿ ಅವರ ಬಾಯಿಂದಲೇ ಕೇಳಬೇಕೆಂದು ಕಾದರು. ನಾನು ಹೇಳಹೋದರೆ ಕೈಸನ್ನೆಯಿಂದ ತಡೆದರು. ಕೊನೆಗೆ ವೈನಿ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಾ, ಅಣ್ಣನ ಪೂರ್ತಿ ಹೆಸರನ್ನು ತಂದೆಯ ಹೆಸರು, ಅಡ್ಡಹೆಸರು ಸಹಿತ ಸ್ಪಷ್ಟವಾಗಿ ಹೇಳಿದರು. ಹೊರಗೆ ಬಂದ ಮೇಲೆ, "ಇದ್ದಾಗ ಒಮ್ಮೆನೂ ಕರೀಲಿಲ್ಲ ನೋಡ್ರಿ," ಎಂದಷ್ಟೇ ಹೇಳಿ ಸುಮ್ಮನಾದರು.

ಸಂಜೆಯ ಗಾಡಿಗೆ ಹೊತ್ತಿತ್ತು. ಸಯಾಜಿಬಾಗಿನಲ್ಲಿ ಕುಳಿತೆವು. 1917ರಲ್ಲಿ, ವಿಲಾಯತಿ ವಿದ್ಯೆ ಪಡೆದು ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರರು ಇಲ್ಲಿಯೇ ಕುಳಿತಿದ್ದರು. ಊರಿನಲ್ಲಿ ಯಾರೂ ಇಳಿದುಕೊಳ್ಳಲು ಜಾಗ ಕೊಡದೆ, ಪಾರಸಿಗಳ ತಂಗುಮನೆಯಲ್ಲಿ ಪಾರಸಿ ಹೆಸರಿನಿಂದ ಇದ್ದರು. ಹನ್ನೊಂದನೆಯ ದಿನ ಕೋಲು ಹಿಡಿದವರು ಬಂದು, ನೀನು ಯಾರೆಂದು ಗದರಿಸಿ ಹೊರಡಿಸಿದರು. ಆ ಸಂಗತಿಯನ್ನು ಅವರು ಬರೆದ ಲೇಖನಕ್ಕೆ 'ವೀಸಾಕ್ಕಾಗಿ ಕಾಯುತ್ತಾ' ಎಂಬ ಅರ್ಥದ ಹೆಸರು. ತನ್ನ ದೇಶದಲ್ಲೇ ರಹದಾರಿ ಬೇಕಾದವರ ಪಾಡು ಅದು. ಅದರ ಮುಂದೆ ನಮ್ಮ ಕಿಟಕಿಯ ಕಷ್ಟ ಕಷ್ಟವೇ ಅಲ್ಲ.

ಹಾಗೆಂದು ಅದನ್ನು ಕಡೆಗಣಿಸಲೂ ಬಾರದು. ಪಾಸ್‌ಪೋರ್ಟು ಸರಕಾರದ ದಯೆಯಲ್ಲ. ಪರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸುಪ್ರೀಂ ಕೋರ್ಟು 1967ರಲ್ಲಿ ತೀರ್ಪಿತ್ತಿತು. ಆ ಜೂನ್ 24ರಂದೇ ಪಾಸ್‌ಪೋರ್ಟು ಕಾಯಿದೆ ಜಾರಿಗೆ ಬಂತು. ಅದನ್ನು ತಡೆಯುವ ರೀತಿಯೂ ನ್ಯಾಯವಾಗಿರಬೇಕೆಂದು 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಅದೇ ಕೋರ್ಟು ಹೇಳಿತು. ನಮ್ಮ ಹಿರಿಯಳು ಬೇಡಲು ಹೋಗುತ್ತಿಲ್ಲ, ತನ್ನದನ್ನು ಕೇಳಲು ಹೋಗುತ್ತಾಳೆ. ಈ ಮಾತನ್ನು ಮನೆಯಲ್ಲಿ ಮೊದಲೇ ಹೇಳಿದರೆ ಅರ್ಧ ದಿಗಿಲು ಇಳಿಯುತ್ತದೆ.

ಉಳಿದರ್ಧಕ್ಕೆ ಕೆಲವು ಸೂಚನೆಗಳು. ಎಲ್ಲ ಕಾಗದಗಳನ್ನೂ ಹರಡಿಕೊಂಡು, ಯಾವ ಹೆಸರಿನಲ್ಲಿ ಹೋಗುವುದೆಂದು ಮೊದಲು ನಿರ್ಧರಿಸಿರಿ. ಮಿಕ್ಕ ಹೆಸರನ್ನು ಮುಚ್ಚಿಡದೆ, ಬೇರೆ ಹೆಸರುಂಟೇ ಎಂದು ಕೇಳುವ ಅಂಕಣದಲ್ಲಿ ಬರೆಯಿರಿ. ಹುಟ್ಟಿದ ದಿನಕ್ಕೆ ಜನನ ಪತ್ರವೇ ಬೇಕೆಂದು ಹಿರಿಯರು ಹೆದರಬೇಕಾಗಿಲ್ಲ. ಅವರಿಗೆ ಶಾಲೆಯ ದಾಖಲೆ, ಪ್ಯಾನ್ ಮುಂತಾದವೂ ನಡೆಯುತ್ತವೆ. ಆದರೆ ತಾರೀಖು ಎಲ್ಲದರಲ್ಲಿಯೂ ಒಂದೇ ಇರಲಿ. ದೊಡ್ಡ ಊರಿಗೇ ಬರಬೇಕೆಂದೂ ಇಲ್ಲ. ಅಂಚೆ ಕಚೇರಿಗಳಲ್ಲಿ ಈ ಕೆಲಸ 2017ರ ಜನವರಿಯಲ್ಲಿ ಮೊದಲು ಆರಂಭವಾದದ್ದು ನಮ್ಮ ಮೈಸೂರಿನಲ್ಲಿ ಮತ್ತು ಇವರ ದಾಹೋದಿನಲ್ಲಿ.

ಎಲ್ಲಕ್ಕೂ ಮುಖ್ಯ, ಹಿಂದಿನ ರಾತ್ರಿ ಅವರನ್ನು ಪರೀಕ್ಷೆಗೆ ಓದಿಸಿದಂತೆ ಪ್ರಶ್ನೆ ಕೇಳಿ ಕಾಡಬೇಡಿರಿ. ಹೊಟ್ಟೆ ತುಂಬ ಊಟಕ್ಕೆ ಹಾಕಿ, ಬೇಗ ಮಲಗಿಸಿರಿ. ಕೇಳುವುದು ಅವರ ಬಾಳನ್ನೇ. ಅದು ಅವರಿಗೆ ಬಾಯಿಪಾಠವೇ ಇರುತ್ತದೆ.